ಏಳನೇ ತರಗತಿಯ ಮರುಮತದಾನ

ಯಾದಗಿರಿಯಿಂದ ತರಬೇತಿಯ ಆದೇಶ ಬಂದ ದಿನ ನಮ್ಮ ಶಾಲೆಯ ಶಿಕ್ಷಕರಿಗೆಲ್ಲ ಒಮ್ಮೆಲೇ ಆರೋಗ್ಯ ಕೆಡುತ್ತದೆ. ಒಬ್ಬರಿಗೆ ಸೊಂಟ ಹಿಡಿಯುತ್ತದೆ, ಇನ್ನೊಬ್ಬರ ಮನೆಗೆ ಅತ್ತೆ ಬರುತ್ತಾರೆ, ನನಗೆ ಬಸ್ಸು ಹತ್ತಿದರೆ ವಾಂತಿ. ಕೊನೆಗೆ ಉಳಿಯುವವರು ದೇವಿಂದ್ರ ಮಾಸ್ತರರು ಒಬ್ಬರೇ. ಅವರಿಗೆ ಹೋಗುವ ಆಸೆಯೇನೂ ಇರುವುದಿಲ್ಲ. ಅವರು ಒಂದು ನೆಪ ಹುಡುಕಿ, ಅದನ್ನು ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಹೆಡ್ ಮಾಸ್ತರರು ಅವರ ಹೆಸರು ಬರೆದು ಸಹಿ ಹಾಕಿರುತ್ತಾರೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಜೂನಿಗೆ ನಾನು ಅಲ್ಲಿ ಇರುವುದಿಲ್ಲ. ಸುರಪುರದಿಂದ ಕಕ್ಕೇರಾದ ಕಡೆ ಹೋಗುವಾಗ ಸಿಗುವ ಊರುಗಳಲ್ಲಿ ಒಂದು ಅಂದುಕೊಳ್ಳಿ. ನಾನು ಫರ್ಹತ, ಶಹಾಪುರದವಳು, ಈ ಶಾಲೆಯ ಹಿಂದಿ ಟೀಚರು. ದೇವಿಂದ್ರ ಮಾಸ್ತರರು ಗಣಿತದವರು. ನಮ್ಮಿಬ್ಬರ ಬಾಡಿಗೆ ಮನೆಗಳ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳ್ಳಗಿನದು. ಹಾಗಾಗಿ ಶಾಲೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅವರ ಮನೆಯಲ್ಲಿ ನಡೆದದ್ದನ್ನು ಕಿವಿಯಾರೆ ಕೇಳಿದ್ದೇನೆ. ಕದ್ದು ಕೇಳಿದಳು ಎಂದು ಯಾರೂ ತಿಳಿಯಬಾರದು. ಗೋಡೆ ಕಟ್ಟಿಸಿದ್ದು ನಾನಲ್ಲ.

ಈ ಸಲದ ತರಬೇತಿ ಆರರಿಂದ ಎಂಟನೇ ತರಗತಿಯ ಮಕ್ಕಳ ಸಾಮಾಜಿಕ ಕೌಶಲವನ್ನು ಅಳೆಯುವುದು ಹೇಗೆ ಎಂಬುದರ ಬಗ್ಗೆ. ಬೇರೆ ತರಬೇತಿಗಳಿಂದ ಮಾಸ್ತರರು ಒಂದು ಬ್ಯಾಗು, ಒಂದು ಪೆನ್ನು ಮತ್ತು ತಲೆನೋವು ತರುತ್ತಿದ್ದರು. ಇದರಿಂದ ಮಾತ್ರ ಎದೆಯುಬ್ಬಿಸಿಕೊಂಡು ಬಂದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಚಹಾ ಬರುವ ಮೊದಲೇ ಶುರುಮಾಡಿದರು. ಇಷ್ಟು ದಿನ ನಾವು ಮಕ್ಕಳಿಗೆ ಭಾಗಾಕಾರ ಬರುತ್ತದೋ ಇಲ್ಲವೋ ಎಂದು ಮಾತ್ರ ನೋಡಿದೆವಂತೆ. ಮಗು ಇನ್ನೊಬ್ಬರ ಜೊತೆ ಹೇಗಿರುತ್ತದೆ, ಅದನ್ನು ಯಾರು ಹತ್ತಿರ ಸೇರಿಸುತ್ತಾರೆ, ಇದಕ್ಕೂ ಅಳತೆ ಇದೆಯಂತೆ. ಅಳತೆ ಎಂಬ ಮಾತು ಬಂದಾಗ ಗಣಿತದ ಮಾಸ್ತರರ ಮುಖದಲ್ಲಿ ಬರುವ ಕಳೆ ಹಿಂದಿ ಟೀಚರಿಗೆ ಅರ್ಥವಾಗುವಂಥದಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮಾಸ್ತರರು ಮುಂದುವರಿದು, ಇಂಥ ಕೌಶಲವೆಲ್ಲ ಮನೆಯಲ್ಲೇ ಬರಬೇಕು, ನಮ್ಮ ಯಶೋಧರಾನ ನೋಡಿ ಎಂದರು. ಯಶೋಧರಾ ಅವರ ಒಬ್ಬಳೇ ಮಗಳು, ನಮ್ಮದೇ ಶಾಲೆಯ ಏಳನೇ ತರಗತಿ. ಯಾರು ಎದುರಾದರೂ ನಮಸ್ಕಾರ ಹೇಳುತ್ತಾಳೆ, ಮುಖ ನೋಡಿ ಮಾತಾಡುತ್ತಾಳೆ, ಸುಳ್ಳು ಎಂಬುದು ಅವಳ ಬಾಯಿಂದ ಬಂದದ್ದಿಲ್ಲ. ದಿನಾ ಸಂಜೆ ಊಟಕ್ಕೆ ಕೂತಾಗ ಅಪ್ಪ ಕೇಳುತ್ತಾರೆ, ಮಗಳು ಶಾಲೆಯಲ್ಲಿ ನಡೆದದ್ದನ್ನೆಲ್ಲ ಬಿಡದೆ ಹೇಳುತ್ತಾಳೆ. ಯಾರು ಯಾರ ಲೆಕ್ಕ ನಕಲು ಮಾಡಿದರು, ಯಾರು ಗೋಡೆ ಹಾರಿ ಹೋದರು, ಎಲ್ಲವೂ ಮಾಸ್ತರರಿಗೆ ಬೆಳಗಾಗುವುದರೊಳಗೆ ಗೊತ್ತಿರುತ್ತದೆ. ಈ ಸೌಲಭ್ಯ ಜಿಲ್ಲೆಯಲ್ಲಿ ಬೇರೆ ಯಾವ ಶಿಕ್ಷಕರಿಗೂ ಇಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿಕೊಂಡರು.

ಅಳತೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಶಿಕ್ಷಕರೇ ಮಕ್ಕಳನ್ನು ಗಮನಿಸಿ ಅಂಕ ಕೊಡಬೇಕು. ಯಶೋಧರಾಗೆ ಪೂರ್ತಿ ಅಂಕ ಬಂದವು. ಎಲ್ಲರಿಗಿಂತ ಕಡಿಮೆ ಬಂದದ್ದು ಬಸಲಿಂಗ ಎಂಬ ಹುಡುಗನಿಗೆ. ಅವನು ಕೂಲಿಗೆ ಹೋಗುವ ಮರಿಲಿಂಗಮ್ಮನ ಮಗ, ಬಾಯಿ ಬಿಡುವುದೇ ಅಪರೂಪ. ಹಾಜರಿ ಕರೆದರೂ ಕೈ ಎತ್ತುತ್ತಾನೆ, ಅಷ್ಟೇ. ತಾಳ್ಮೆಯಿಂದ ಸರದಿ ಕಾಯುತ್ತಾನೆ ಎಂಬ ಕಲಮಿನಲ್ಲಿ ಮಾತ್ರ ಅವನಿಗೆ ಅಂಕ ಸಿಕ್ಕಿತು, ಏಕೆಂದರೆ ಅವನು ಯಾವತ್ತೂ ಏನನ್ನೂ ಕೇಳಿದವನಲ್ಲ.

ಎರಡನೆಯ ಭಾಗದಲ್ಲಿ ಮಕ್ಕಳೇ ಒಬ್ಬರನ್ನೊಬ್ಬರು ಆರಿಸಬೇಕು. ಯಾರ ಪಕ್ಕ ಕೂಡಲು ಇಷ್ಟ, ಯಾರ ಜೊತೆ ಆಡಲು ಇಷ್ಟ, ಮನಸ್ಸಿನ ಮಾತು ಯಾರಿಗೆ ಹೇಳುತ್ತೀರಿ, ಇಷ್ಟಕ್ಕೆ ಚೀಟಿಯಲ್ಲಿ ಹೆಸರು ಬರೆದು ಗುಟ್ಟಾಗಿ ಕೊಡಬೇಕು. ಆಮೇಲೆ ಶಿಕ್ಷಕರು ದೊಡ್ಡ ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಆರಿಸಿದವರಿಂದ ಆರಿಸಲ್ಪಟ್ಟವರಿಗೆ ಬಾಣ ಎಳೆಯಬೇಕು. ಯಾರಿಗೆ ಬಾಣ ಹೆಚ್ಚು, ಯಾರಿಗೆ ಕಡಿಮೆ ಎಂದು ನೋಡಿದರೆ ತರಗತಿಯ ಒಳಗು ತಿಳಿಯುತ್ತದೆ.

ಗುಟ್ಟಾಗಿ ಕೊಡಬೇಕು ಅಂದರೆ ಡಬ್ಬಿ ಬೇಕು. ಶಾಲಾ ಸಂಸತ್ತಿನ ಚುನಾವಣೆಗೆಂದು ಮಾಡಿಸಿದ್ದ, ಮೇಲೆ ಸೀಳು ಇರುವ ತಗಡಿನ ಡಬ್ಬಿ ಅಲ್ಲೇ ಇತ್ತು. ಮಾಸ್ತರರು ಅದನ್ನು ತಂದು ಮೇಜಿನ ಮೇಲೆ ಇಟ್ಟರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಮೂಲೆಯಲ್ಲಿ ಎರಡು ಬೆಂಚು ನಿಲ್ಲಿಸಿ ಮರೆ ಮಾಡಿದರು. ಇಲ್ಲಿಯವರೆಗೆ ತಪ್ಪೇನಿಲ್ಲ. ಆದರೆ ಒಬ್ಬ ಹುಡುಗ ಎರಡು ಚೀಟಿ ಹಾಕಲು ನೋಡಿದ. ಅದನ್ನು ಕಂಡ ಕೂಡಲೇ ಮಾಸ್ತರರ ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಶುರುಮಾಡಿದವು. ನಮ್ಮ ನೌಕರಿಯಲ್ಲಿ ಪಂಚಾಯತಿ, ವಿಧಾನಸಭೆ, ಲೋಕಸಭೆ ಯಾವುದೇ ಬರಲಿ, ಮತಗಟ್ಟೆಯಲ್ಲಿ ಕೂಡುವವರು ನಾವೇ. ಅದರಲ್ಲೂ ದೇವಿಂದ್ರ ಮಾಸ್ತರರಿಗೆ ಬೆರಳು ಹಿಡಿದು ಮಸಿ ಹಚ್ಚುವ ಕೆಲಸವೇ ಕಾಯಂ. ಜೇಬಿನಲ್ಲಿದ್ದ ನೇರಳೆ ಮಾರ್ಕರ್ ತೆಗೆದು ಚೀಟಿ ಹಾಕಿದ ಪ್ರತಿಯೊಂದು ಮಗುವಿನ ಎಡಗೈ ತೋರುಬೆರಳ ಉಗುರಿನ ಮೇಲೆ ಗೆರೆ ಎಳೆದರು. ಅಳಿಸಿಹೋಗುವ ಮಾರ್ಕರ್ ಆಗಿದ್ದರೂ ನಡೆಯುತ್ತಿತ್ತು. ಅದು ಚೀಲದ ಮೇಲೆ ಬರೆಯುವ ಮಾರ್ಕರು.

ಸಂಜೆ ಶಾಲೆ ಬಿಟ್ಟಾಗ ಇಡೀ ಏಳನೇ ತರಗತಿ ಮಸಿ ಹಚ್ಚಿದ ಬೆರಳು ಎತ್ತಿಕೊಂಡು ಊರೊಳಗೆ ಹೋಯಿತು.

ನಮ್ಮ ಊರಿಗೆ ಕುಡಿಯುವ ನೀರು ದಿನ ಬಿಟ್ಟು ದಿನ ಬರುತ್ತದೆ, ಬಸ್ಸು ಮನಸ್ಸು ಬಂದಾಗ ಬರುತ್ತದೆ, ಆದರೆ ಚುನಾವಣೆ ಬಂದರೆ ತಿಳಿಯದೆ ಹೋಗುವುದಿಲ್ಲ. ಅಂಥ ಊರಿನಲ್ಲಿ ತಮಗೆ ಗೊತ್ತಿಲ್ಲದೆ ಒಂದು ಚುನಾವಣೆ ಮುಗಿದುಹೋಗಿದೆ ಎಂಬುದು ಹೋಟೆಲಿನ ಮುಂದೆ ಕೂತವರಿಗೆ ತಡೆದುಕೊಳ್ಳಲಾಗಲಿಲ್ಲ. ಮುದುಕರೊಬ್ಬರು ತಮ್ಮ ಹೆಸರು ಪಟ್ಟಿಯಿಂದ ಯಾಕೆ ಬಿಟ್ಟಿದ್ದಾರೆ ಎಂದು ನನ್ನನ್ನೇ ತಡೆದು ಕೇಳಿದರು. ನಾನು ಇದು ಮಕ್ಕಳದ್ದು ಎಂದೆ. ಹಾಗಾದರೆ ನಮ್ಮ ಮೊಮ್ಮಗನ ಹೆಸರಾದರೂ ಇದೆಯೋ ಇಲ್ಲವೋ ಎಂದರು.

ಮಾಸ್ತರರು ಮನೆಯಲ್ಲಿ ಬಾಗಿಲು ಹಾಕಿಕೊಂಡು, ಹಾಳೆ ಹಾಸಿಕೊಂಡು, ಗುಟ್ಟು ಕಾಪಾಡುತ್ತ ಬಾಣ ಎಳೆಯುತ್ತಿದ್ದರು. ಅವರು ಅರ್ಧ ಮುಗಿಸುವ ಮೊದಲೇ ಊರು ಫಲಿತಾಂಶ ಪ್ರಕಟಿಸಿತ್ತು. ಮಕ್ಕಳು ತಾವು ಯಾರ ಹೆಸರು ಬರೆದೆವೆಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು, ದೊಡ್ಡವರು ಕೂಡಿಸಿ ನೋಡಿದ್ದರು. ಬಸಲಿಂಗ ಭಾರಿ ಬಹುಮತದಿಂದ ಆರಿಸಿ ಬಂದಿದ್ದ. ಪಂಚಾಯತಿ ಮೆಂಬರ್ ಯಂಕಣ್ಣನವರ ಮಗ ಭೀಮೇಶನಿಗೆ ಬಂದದ್ದು ಒಂದೇ ಒಂದು, ಅದೂ ಬಸಲಿಂಗ ಬರೆದದ್ದು. ಎದುರಾಳಿಯೇ ವೋಟು ಹಾಕಿದ್ದಾನೆಂದರೆ ಇದರಲ್ಲಿ ಏನೋ ಮಸಲತ್ತು ಇದೆ ಎಂದು ಯಂಕಣ್ಣನವರ ಕಡೆಯವರು ತೀರ್ಮಾನಿಸಿದರು.

ಇನ್ನೊಂದು ಸಂಗತಿಯೂ ಊರಿಗೆ ಗೊತ್ತಿತ್ತು. ಅದನ್ನು ಮಾತ್ರ ಯಾರೂ ಜೋರಾಗಿ ಹೇಳಲಿಲ್ಲ. ಗೋಡೆಯ ಆಚೆ ಮಾಸ್ತರರ ಪೆನ್ನಿನ ಸರಸರ ಸದ್ದು ನಿಂತಾಗ ನನಗೆ ಅದು ಅವರಿಗೂ ತಿಳಿಯಿತು ಎಂದು ಗೊತ್ತಾಯಿತು. ಇಡೀ ಹಾಳೆಯಲ್ಲಿ ಒಂದೂ ಬಾಣ ಇಲ್ಲದ ಹೆಸರು ಒಂದೇ ಇತ್ತು. ಅದು ಯಶೋಧರಾ.

ಮಾಸ್ತರರು ಎಲ್ಲ ಚೀಟಿಗಳನ್ನು ಮತ್ತೆ ಬಿಡಿಸಿ ನೋಡಿದರು. ಹೆಂಡತಿ ಮಲ್ಲಿಕಮ್ಮ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮಗಳು ಬಂದು ತನಗೆ ಎಷ್ಟು ಬಂದವು ಎಂದು ಕೇಳಿದಳು. ಇನ್ನೂ ಎಣಿಕೆ ಮುಗಿದಿಲ್ಲ ಎಂದರು. ಹುಡುಗಿ ಮತ್ತೆ ಕೇಳಲಿಲ್ಲ. ಆಮೇಲೆ ಮಾಸ್ತರರು ಚೀಟಿಗಳನ್ನೂ ಮಡಚಿದ ಹಾಳೆಯನ್ನೂ ಡಬ್ಬಿಗೆ ತುಂಬಿ, ಅದನ್ನು ಬಗಲಲ್ಲಿ ಹಿಡಿದುಕೊಂಡು ಹೋಗಿ ಶಾಲೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದರು. ಕೀಲಿಯನ್ನು ಮನೆಯಲ್ಲಿ ಬಾಬಾಸಾಹೇಬರ ಫೋಟೋದ ಪಕ್ಕದ ಮೊಳೆಗೆ ತೂಗುಹಾಕಿದರು. ಮಗಳಿಗೆ ಒಬ್ಬ ಗೆಳತಿಯೂ ಇಲ್ಲ ಎಂಬುದು ತಮ್ಮ ಕಣ್ಣೆದುರೇ ಇದ್ದು, ಅದನ್ನು ಹಾಳೆ ಮೇಲೆ ನೋಡಿ ತಿಳಿಯಬೇಕಾಯಿತಲ್ಲ ಎಂದು ಅವರಿಗೆ ಸಂಕಟವಾಗಿತ್ತು. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ನಿಜವಾಗಿ ಕನಿಕರ ಬಂತು.

ಮಾರನೆಯ ಬೆಳಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಯಂಕಣ್ಣನವರು ಬಂದರು. ಹೆಡ್ ಮಾಸ್ತರರು ಕುರ್ಚಿ ಒರೆಸಿ ಕೂಡಿಸಿದರು. ಯಂಕಣ್ಣನವರು ಸಿಟ್ಟು ಮಾಡುವವರಲ್ಲ. ಅವರು ಮೆತ್ತಗೆ ಮಾತಾಡತೊಡಗಿದರೆ ಎದುರಿನವರು ಎದ್ದು ನಿಲ್ಲುತ್ತಾರೆ. ಮಗ ಯಾಕೆ ಸೋತ ಎಂದು ಅವರು ಕೇಳಿದರು. ದೇವಿಂದ್ರ ಮಾಸ್ತರರು ಇದು ಚುನಾವಣೆಯೇ ಅಲ್ಲ, ಅಳತೆ ಎಂದು ತರಬೇತಿಯ ಪಾಠ ಒಪ್ಪಿಸಿದರು.

ಯಂಕಣ್ಣನವರು ಪೂರ್ತಿ ಕೇಳಿದರು. "ಡಬ್ಬಿ ಇಟ್ಟೀರಿ. ಹುಡುಗರಿಗಿ ಸಾಲ ಹಚ್ಚೀರಿ. ಬೆಂಚ ಇಟ್ಟು ಮರಿ ಮಾಡೀರಿ. ಚೀಟಿ ಹಾಕ್ಸೀರಿ, ಬೆರಳಿಗಿ ಮಸಿ ಹಚ್ಚೀರಿ, ಬಾಗಲಾ ಹಾಕ್ಕೊಂಡು ಎಣಿಕಿ ಮಾಡೀರಿ. ಮತ್ತ ಎಲೆಕ್ಷನ್ ಅಂದ್ರ ಹ್ಯಾಂಗಿರ್ತದ, ನೀವೇ ಹೇಳ್ರಿ ಮಾಸ್ತರ."

ಮಾಸ್ತರರು ಜೇಬಿನಲ್ಲಿದ್ದ ಮಾರ್ಕರನ್ನು ಇನ್ನಷ್ಟು ಒಳಗೆ ತಳ್ಳಿದರು.

ಸೋತದ್ದು ದೊಡ್ಡದಲ್ಲ, ಪ್ರಚಾರಕ್ಕೆ ಅವಕಾಶ ಕೊಡದೆ ಸೋಲಿಸಿದ್ದು ಇಜ್ಜತಿನ ಪ್ರಶ್ನೆ ಎಂದರು ಯಂಕಣ್ಣನವರು. ಇನ್ನೊಂದು ಸಲ ಆಗಬೇಕು, ಎಂಟು ದಿನದ ಸಮಯ ಕೊಟ್ಟು ಆಗಬೇಕು ಎಂದರು. ಹೆಡ್ ಮಾಸ್ತರರು ಗಲಾಟೆ ಬೇಡ ಎಂಬ ಒಂದೇ ಸಿದ್ಧಾಂತದ ಮೇಲೆ ಇಡೀ ನೌಕರಿ ಮುಗಿಸಿಕೊಂಡು ಬಂದವರು, ಕೂಡಲೇ ಒಪ್ಪಿದರು. ಆಶ್ಚರ್ಯವೆಂದರೆ ದೇವಿಂದ್ರ ಮಾಸ್ತರರೂ ಒಪ್ಪಿದರು. ಒಳ್ಳೆಯ ಅಳತೆಯನ್ನು ಎರಡು ಸಲ ಮಾಡಿ ನೋಡಬೇಕೆಂದು ತರಬೇತಿಯಲ್ಲಿ ಹೇಳಿದ್ದಾರೆ ಎಂದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಎರಡನೇ ಸಲಕ್ಕೆ ಮಗಳ ಹೆಸರಿಗೆ ಒಂದಾದರೂ ಬಾಣ ಬರಲಿ ಎಂದು ಅವರಿಗೆ ಆಸೆ.

ಅದೇ ಮಧ್ಯಾಹ್ನ ಮರಿಲಿಂಗಮ್ಮ ಬಂದಳು. ಮೆಣಸಿನಕಾಯಿ ಬಿಡಿಸುವ ಕೆಲಸ ಬಿಟ್ಟು ಬಂದಿದ್ದಳು, ಆಕೆ ಹತ್ತಿರ ಬಂದರೆ ನಮಗೆಲ್ಲ ಸೀನು ಬರುತ್ತಿತ್ತು. ಒಳಗೆ ಬಂದು ಕೂಡಿರೆಂದರೆ ಕೂಡಲಿಲ್ಲ.

"ಸರ್ರ, ನಾವು ದುಡಕೊಂಡು ತಿನ್ನೋ ಮಂದಿ. ನಮಗ ರಾಜಕೀಯ ಬ್ಯಾಡ್ರಿ. ನಮ್ಮ ಹುಡುಗಂದು ನಾಮಿನೇಶನ್ ವಾಪಸ್ ತಗೋರಿ."

ಮಾಸ್ತರರು ನಿಮ್ಮ ಹುಡುಗ ನಾಮಿನೇಶನ್ ಹಾಕಿಯೇ ಇಲ್ಲ ಎಂದರು. ಹಾಕದೆ ಗೆದ್ದಿದ್ದಾನೆಂದರೆ ಇನ್ನೂ ಅಪಾಯ ಎಂದು ಆಕೆ ಕಣ್ಣಿಗೆ ಸೆರಗು ಹಚ್ಚಿದಳು. ಕೊನೆಗೆ ಮಾಸ್ತರರು ಒಂದು ಖಾಲಿ ಹಾಳೆಯ ಮೇಲೆ ಬಸಲಿಂಗನ ಹೆಸರು ಬರೆದು, ಅದರ ಮೇಲೆ ಗೀಟು ಹಾಕಿ ತೋರಿಸಿದರು. ಆಗ ಆಕೆ ನೆಮ್ಮದಿಯಾಗಿ ಹೋದಳು.

ಹುಡುಗನಲ್ಲಿ ಅಂಥದ್ದೇನಿದೆ ಎಂದು ನನಗೂ ಕುತೂಹಲವಾಗಿ ನನ್ನ ಪಾಠದ ಹೊತ್ತಿನಲ್ಲಿ ಒಂದು ಹುಡುಗಿಯನ್ನು ಕರೆದು ಕೇಳಿದೆ. ಬಸಲಿಂಗನಿಗೆ ಏನು ಹೇಳಿದರೂ ಅಲ್ಲೇ ಇರುತ್ತದೆ, ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ ಎಂದಳು. ಮತ್ತೆ ಯಶೋಧರಾ ಎಂದೆ. ಆಕೆ ಬಾಳ ಛಲೋ ಹುಡುಗಿ ಟೀಚರ್ ಎಂದು ಹೇಳಿ ಆ ಹುಡುಗಿ ಗಡಬಡಿಸಿ ತನ್ನ ಜಾಗಕ್ಕೆ ಓಡಿದಳು.

ಮುಂದಿನ ದಿನಗಳಲ್ಲಿ ನಡೆದ ಪ್ರಚಾರವನ್ನು ವರ್ಣಿಸಲು ನನ್ನ ಕನ್ನಡ ಸಾಲದು. ಯಂಕಣ್ಣನವರು ಇಡೀ ತರಗತಿಗೆ ಪೆನ್ನು ಹಂಚಿಸಿದರು. ಭೀಮೇಶ ಬೆಳಗ್ಗೆ ಶಾಲೆಯ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯಬೇಕೆಂದು ಅಪ್ಪನ ಆಜ್ಞೆ. ಮೊದಲು ಅವನು ಎಲ್ಲರ ಜೊತೆ ಸಾಧಾರಣವಾಗಿ ಆಡಿಕೊಂಡಿದ್ದ ಹುಡುಗ. ಕೈ ಮುಗಿಯುವವನ ಜೊತೆ ಕಬಡ್ಡಿ ಆಡುವುದು ಹೇಗೆಂದು ತಿಳಿಯದೆ ಉಳಿದವರು ದೂರ ಸರಿದರು. ಅವನಿಗೆ ಮನೆಯಲ್ಲಿ ದಿನಾ ಬೈಗುಳ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಟೀಚರ್, ನಾ ನಿಲ್ಲಂಗಿಲ್ಲ ಅಂದ್ರ ನಡೀತದೇನ್ರಿ?" ಎಂದು ಕೇಳಿ ಅಳು ನುಂಗಿಕೊಂಡ. ಅವನ ತಲೆ ಸವರಿ ಕಳಿಸಿದೆ. ಆ ಹೊತ್ತಿಗೆ ನನಗೆ ದೇವಿಂದ್ರ ಮಾಸ್ತರರ ಮಾರ್ಕರಿನ ಮೇಲೆ ತಡೆಯಲಾರದ ಸಿಟ್ಟು ಬಂದಿತ್ತು.

ಮಾಸ್ತರರು ತಮ್ಮ ಪ್ರಚಾರದಲ್ಲಿ ಮುಳುಗಿದ್ದರು. ಅವರು ಯಶೋಧರಾಳ ಹುಟ್ಟುಹಬ್ಬ ಮಾಡುತ್ತೇನೆಂದು ಏಳನೇ ತರಗತಿಯನ್ನು ಮನೆಗೆ ಕರೆದರು. ಅದು ಜನವರಿ. ಮಗಳು ಹುಟ್ಟಿದ್ದು ಆಗಸ್ಟಿನಲ್ಲಿ. ಹೆತ್ತವಳು ನಾನು, ನನಗೆ ಗೊತ್ತಿಲ್ಲವೇ ಎಂದು ಮಲ್ಲಿಕಮ್ಮ ಗೋಡೆ ಅದುರುವಂತೆ ಕೇಳಿದಳು. ಮಕ್ಕಳಿಗೆ ಅದರಿಂದ ಗೊಂದಲವಾಗಿದ್ದು ಬೇರೆ ಕಾರಣಕ್ಕೆ. ನಮ್ಮ ಶಾಲೆಯ ದಾಖಲೆಯಲ್ಲಿ ಅರ್ಧ ಊರು ಹುಟ್ಟಿರುವುದು ಜೂನ್ ಒಂದನೇ ತಾರೀಖು. ಹುಟ್ಟುಹಬ್ಬ ಅಂದರೆ ಜೂನ್ ಬಂತೇ, ಶಾಲೆ ಮತ್ತೆ ಶುರುವಾಯಿತೇ ಎಂದು ಕೆಲವರಿಗೆ ಗಾಬರಿಯಾಯಿತು.

ಹೇಳಿದ ಹೊತ್ತಿಗೆ ಎಲ್ಲರೂ ಬಂದರು. ಮಾಸ್ತರರು ಕರೆದರೆ ಬರದಿರಲು ಯಾರಿಗೆ ಧೈರ್ಯ? ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಲು ನಾನೂ ಮಲ್ಲಿಕಮ್ಮನಿಗೆ ಕೈಜೋಡಿಸಿದ್ದೆ, ಹಾಗಾಗಿ ಎಲ್ಲವನ್ನೂ ಅಡುಗೆ ಮನೆಯ ಬಾಗಿಲಿನಿಂದ ನೋಡಿದೆ. ಮಕ್ಕಳು ಪಡಸಾಲೆಯಲ್ಲಿ ಹಾಜರಿ ನಂಬರಿನ ಪ್ರಕಾರ ಸಾಲಾಗಿ ಕೂತರು. ಒಬ್ಬರೂ ಕೆಮ್ಮಲಿಲ್ಲ. ಮಾಸ್ತರರು ಅಂಜಬೇಡಿ, ಮಾತಾಡಿ, ನಗಿರಿ ಎಂದರು. ಒಬ್ಬ ಎದ್ದು ನಿಂತು, ಕೈ ಕಟ್ಟಿಕೊಂಡು, ಯಾವುದರ ಬಗ್ಗೆ ನಗಬೇಕ್ರಿ ಸರ್ ಎಂದ. ಕೊನೆಗೆ ಮಾಸ್ತರರು ತಮಗೆ ಗೊತ್ತಿದ್ದ ಒಂದೇ ಮನರಂಜನೆಗೆ ಕೈ ಹಾಕಿದರು. ಹದಿಮೂರರ ಮಗ್ಗಿ ಹೇಳಿಸಿದರು. ಅದು ಮುಗಿದ ಮೇಲೆ ಕೇಕು ಕತ್ತರಿಸಿದರು. ಮಕ್ಕಳು ತಟ್ಟೆ ಖಾಲಿ ಮಾಡಿ, ಒಂದೇ ದನಿಯಲ್ಲಿ ಹೋಗಿ ಬರ್ತೀವ್ರಿ ಸರ್ ಎಂದು ಹೇಳಿ, ಬೀದಿಯ ತಿರುವು ದಾಟಿದ ಮೇಲೆ ಹೋ ಎಂದು ಕೂಗುತ್ತ ಓಡಿದರು. ಆ ಕೂಗು ಮನೆಯೊಳಗೆ ಚೆನ್ನಾಗಿಯೇ ಕೇಳಿಸಿತು.

ನಾನು ನನ್ನ ಮನೆಗೆ ಬಂದು ಕೂತೆ. ಗೋಡೆಯಾಚೆ ಯಶೋಧರಾಳ ದನಿ ಎದ್ದಿತು. ಆ ಹುಡುಗಿ ಅಷ್ಟು ಜೋರಾಗಿ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

"ಅಪ್ಪಾ, ನನಗ ಒಂದೂ ಬಾಣ ಬಂದಿಲ್ಲಂತ ಅವತ್ತೇ ಗೊತ್ತಿತ್ತು. ನೀ ಎದಕ್ಕ ಇದೆಲ್ಲಾ ಮಾಡಾಕತ್ತಿ? ನಾ ಹೋದ್ರ ಎಲ್ಲಾರೂ ಸುಮ್ಮನಾಗ್ತಾರ. ನಾ ನಿನಗ ಹೇಳ್ತೀನಂತ ಅಂಜತಾರ."

ಮಾಸ್ತರರು ಏನೋ ಮೆಲ್ಲಗೆ ಕೇಳಿದರು.

"ಹೌದು, ಹೇಳ್ತೀನಿ. ನೀ ಕೇಳ್ತಿ, ಅದಕ್ಕ ಹೇಳ್ತೀನಿ."

ಊಟದ ಹೊತ್ತಿಗೆ ಎಂದಿನಂತೆ ಶಾಲೆಯ ಸುದ್ದಿ ಕೇಳುವ ದನಿ ಬರಲಿಲ್ಲ. ಮಲ್ಲಿಕಮ್ಮ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದ್ದಷ್ಟೇ ಕೇಳಿಸಿತು.

ಮರುಮತದಾನದ ದಿನ ಬಂತು. ಯಂಕಣ್ಣನವರು ತಮ್ಮ ಕಡೆಯ ಇಬ್ಬರು ಏಜೆಂಟರನ್ನು ಕರೆದುಕೊಂಡು ಬಂದಿದ್ದರು. ಹೆಡ್ ಮಾಸ್ತರರು ಅವರಿಗೆ ಕುರ್ಚಿ, ಚಹಾ, ಬಿಸ್ಕಿಟ್ ಮಾಡಿಸಿದ್ದರು. ಮರಿಲಿಂಗಮ್ಮ ಮಗನ ಹೆಸರು ಗೀಟು ಹೊಡೆದ ಹಾಗೇ ಇದೆಯೋ ಎಂದು ನೋಡಲು ಬಂದು ಕಿಟಕಿಯ ಹೊರಗೆ ನಿಂತಿದ್ದಳು. ನಾನು ನನ್ನ ಪಾಠ ಬಿಟ್ಟು ಬಾಗಿಲಲ್ಲಿ ನಿಂತೆ. ಅಂಥ ದಿನ ಹಿಂದಿ ಯಾರಿಗೆ ಬೇಕು?

ದೇವಿಂದ್ರ ಮಾಸ್ತರರು ಜೇಬಿನಿಂದ ಕೀಲಿ ತೆಗೆದು ಕಪಾಟಿನ ಬೀಗ ತೆಗೆದರು. ಒಳಗೆ ಡಬ್ಬಿ ಇರಲಿಲ್ಲ.

ಚೀಟಿಗಳಿಲ್ಲ ಎಂದರೆ ಬೇರೆ ಚೀಟಿ ಹರಿದುಕೊಳ್ಳಬಹುದು. ಮಸಿ ಇಲ್ಲವೆಂದರೆ ತರಿಸಬಹುದು. ಆದರೆ ಡಬ್ಬಿಯೇ ಕಳೆದುಹೋದ ಚುನಾವಣೆಯನ್ನು ಮಾಸ್ತರರಾಗಲಿ ಮೆಂಬರರಾಗಲಿ ತಮ್ಮ ಅನುಭವದಲ್ಲಿ ಕಂಡಿರಲಿಲ್ಲ. ಏಜೆಂಟರಲ್ಲಿ ಒಬ್ಬ ಕಪಾಟಿನೊಳಗೆ ತಲೆ ಹಾಕಿ ನೋಡಿದ. ಹೆಡ್ ಮಾಸ್ತರರು ಪೊಲೀಸ್ ಎಂಬ ಮಾತನ್ನು ಅರ್ಧಕ್ಕೆ ನುಂಗಿದರು. ಬೀಗ ಮುರಿದಿರಲಿಲ್ಲ, ಕೊಂಡಿ ಸಡಿಲಾಗಿರಲಿಲ್ಲ. ಏಳನೇ ತರಗತಿ ಕೈ ಕಟ್ಟಿಕೊಂಡು ನೆಲ ನೋಡುತ್ತ ಕೂತಿತ್ತು. ನೌಕರಿಗೆ ಬಂದಾಗಿನಿಂದ ನಾನು ಒಂದು ತರಗತಿ ಅಷ್ಟು ಒಗ್ಗಟ್ಟಾಗಿ ನೆಲ ನೋಡಿದ್ದನ್ನು ಕಂಡಿಲ್ಲ. ಭೀಮೇಶ ಕೂಡ ಅವರ ನಡುವೆ ಕೂತು ಅವರಷ್ಟೇ ಶ್ರದ್ಧೆಯಿಂದ ನೆಲ ನೋಡುತ್ತಿದ್ದ.

ಯಂಕಣ್ಣನವರು ಮೆತ್ತಗೆ ಮಾತಾಡಿದರು. "ಮಾಸ್ತರ, ಯಾರನ್ನೂ ಹೊಡೀಬ್ಯಾಡ್ರಿ, ಬಡೀಬ್ಯಾಡ್ರಿ. ನಿಮ್ಮ ಹುಡುಗಿ ಸುಳ್ಳು ಹೇಳಂಗಿಲ್ಲಂತ ಊರಿಗೇ ಗೊತ್ತದ. ಆಕಿನ್ನ ಕೇಳ್ರಿ. ಆಕಿ ಹೇಳಿದ್ದೇ ಫೈಸಲಾ."

ಯಶೋಧರಾ ಎದ್ದು ನಿಂತಳು. ತರಗತಿಯ ತಲೆಗಳೆಲ್ಲ ಇನ್ನಷ್ಟು ಬಗ್ಗಿದವು. ಅವಳ ಎರಡೂ ಕಿವಿ ಕೆಂಪಾಗಿದ್ದವು. ಸುಳ್ಳು ಹೇಳಿ ರೂಢಿಯಿಲ್ಲದವರಿಗೆ ಅದೊಂದು ಕಷ್ಟ, ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು ಎಂದು ಗೊತ್ತಾಗುವುದಿಲ್ಲ. ಅವಳು ಕೈಗಳನ್ನು ಲಂಗದ ಹಿಂದೆ ಮುಚ್ಚಿಟ್ಟುಕೊಂಡಳು, ತಂದೆಯ ಅಂಗಿಯ ಗುಂಡಿಯನ್ನು ನೋಡಿದಳು.

"ನನಗ ಗೊತ್ತಿಲ್ರಿ ಸರ್."

ಮಾಸ್ತರರು ಕೈಯಲ್ಲಿದ್ದ ಕೀಲಿಯನ್ನು ನೋಡಿದರು. ಆ ಕೀಲಿ ಅವರ ಮನೆಯ ಮೊಳೆಯ ಮೇಲೆ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಆ ಮನೆಯಲ್ಲಿ ಇರುವವರು ಮೂವರು. ಅವರಲ್ಲಿ ಮಲ್ಲಿಕಮ್ಮನಿಗೆ ತಗಡಿನ ಡಬ್ಬಿ ಬೇಕಾಗಿಲ್ಲ. ಇಷ್ಟು ಲೆಕ್ಕ ಮಾಡಲು ಗಣಿತದ ಮಾಸ್ತರರೇ ಆಗಬೇಕಿಲ್ಲ, ನಾನೇ ಬಾಗಿಲಲ್ಲಿ ನಿಂತು ಮಾಡಿ ಮುಗಿಸಿದ್ದೆ. ಅವರ ಮುಖವನ್ನೇ ನೋಡುತ್ತಿದ್ದೆ. ಈಗ ಆ ಹುಡುಗಿಯ ಕೆಲಸ ಮುಗಿಯಿತು ಅಂದುಕೊಂಡೆ. ತರಗತಿಯ ಎದುರಿಗೆ ಅವರು ಒಂದು ಮಾತು ಆಡಿದರೆ ಸಾಕು, ಅವಳಿಗೆ ಈ ಶಾಲೆಯಲ್ಲಿ ಇನ್ನು ಯಾವತ್ತೂ ಗೆಳತಿಯರಾಗುತ್ತಿರಲಿಲ್ಲ.

ಮಾಸ್ತರರು ಕೀಲಿಯನ್ನು ಜೇಬಿಗೆ ಹಾಕಿದರು. "ಆಕಿಗೆ ಹ್ಯಾಂಗ ಗೊತ್ತಿರ್ತದ್ರಿ? ಡಬ್ಬಿ ನಾನೇ ಎಲ್ಲೋ ಇಟ್ಟೀನಿ. ಎಲ್ಲಿ ಇಟ್ಟೀನಂತ ಮರತೀನಿ."

ಇದಕ್ಕೆ ಯಂಕಣ್ಣನವರು ದೀರ್ಘವಾಗಿ ಉಸಿರು ಬಿಟ್ಟರು. ಇಂಥವರ ಕೈಯಲ್ಲಿ ಸರ್ಕಾರ ನಮ್ಮ ಪಂಚಾಯತಿ ಚುನಾವಣೆ ನಡೆಸುತ್ತದಲ್ಲ ಎಂದು ಏಜೆಂಟರ ಕಡೆ ತಿರುಗಿ ಮರುಗಿದರು. ಹೆಡ್ ಮಾಸ್ತರರು ಎಲ್ಲರ ಎದುರು ದೇವಿಂದ್ರ ಮಾಸ್ತರರಿಗೆ ಅಜಾಗರೂಕತೆಯ ಬಗ್ಗೆ ಬುದ್ಧಿ ಹೇಳಿದರು. ಬುದ್ಧಿ ಹೇಳುವುದು ಉದ್ದವಾಯಿತು, ಏಕೆಂದರೆ ಅವರಿಗೆ ಅಂಥ ಅವಕಾಶ ಸಿಗುವುದು ಕಡಿಮೆ. ಮಾಸ್ತರರು ಹೌದ್ರಿ, ತಪ್ಪಾತ್ರಿ ಎನ್ನುತ್ತ ನಿಂತರು. ಬೈಸಿಕೊಳ್ಳುತ್ತಿರುವ ಮನುಷ್ಯನ ಮುಖ ಅಷ್ಟು ಹಗುರಾಗಿರುವುದನ್ನು ನಾನು ಕಂಡಿರಲಿಲ್ಲ.

ಡಬ್ಬಿ ಇಲ್ಲದ ಮೇಲೆ ಮರುಮತದಾನವಿಲ್ಲ. ಹಳೆಯ ಚೀಟಿಗಳೂ ಬಾಣದ ಹಾಳೆಯೂ ಡಬ್ಬಿಯಲ್ಲೇ ಇದ್ದುದರಿಂದ ಮೊದಲಿನ ಮತದಾನಕ್ಕೂ ಸಾಕ್ಷಿಯಿಲ್ಲ. ಯಂಕಣ್ಣನವರು ಅಲ್ಲೇ ಕೂತು ಚಹಾ ಕುಡಿಯುತ್ತ ಎಲ್ಲವನ್ನೂ ರದ್ದು ಮಾಡಿದರು. ರದ್ದಾಯಿತೆಂದರೆ ಅವರ ಮಗ ಸೋತಿಲ್ಲ ಎಂದಾಯಿತು. ಕಿಟಕಿಯ ಹೊರಗಿದ್ದ ಮರಿಲಿಂಗಮ್ಮನಿಗೆ ತನ್ನ ಮಗ ಗೆದ್ದಿಲ್ಲ ಎಂದಾಯಿತು. ಇಬ್ಬರೂ ಒಂದೇ ಗೇಟಿನಿಂದ ಸಂತೋಷವಾಗಿ ಹೊರಗೆ ಹೋದರು. ಒಂದು ಚುನಾವಣೆಯ ಫಲಿತಾಂಶದಿಂದ ಎರಡೂ ಕಡೆಯವರಿಗೆ ಸಮಾಧಾನವಾದದ್ದು ನಮ್ಮ ತಾಲೂಕಿನಲ್ಲಿ ಇದೇ ಮೊದಲಿರಬೇಕು.

ಡಬ್ಬಿ ಎಲ್ಲಿತ್ತೆಂದು ನನಗೆ ಅದೇ ಸಂಜೆ ತಿಳಿಯಿತು. ನನ್ನ ಹಿಂದಿ ಪುಸ್ತಕಗಳ ಕಪಾಟಿನಲ್ಲಿ, ಕೆಳಗಿನ ಅರೆಯಲ್ಲಿ, ವ್ಯಾಕರಣದ ಹಿಂದೆ. ಇಡೀ ಶಾಲೆಯಲ್ಲಿ ಯಾರೂ ಕೈ ಹಾಕದ ಜಾಗ ಅದೆಂದು ಮಕ್ಕಳು ಲೆಕ್ಕ ಹಾಕಿದ್ದರು. ಅದೊಂದು ಮಾತು ನನ್ನ ಮನಸ್ಸಿಗೆ ಸ್ವಲ್ಪ ನೋವು ಮಾಡಿದ್ದು ನಿಜ. ಎತ್ತಿ ನೋಡಿದರೆ ಒಳಗೆ ಚೀಟಿಗಳೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಹಸಿ ಹುಣಸೆಕಾಯಿ, ಒಂದು ಪೊಟ್ಟಣ ಉಪ್ಪು ಖಾರ. ತರಗತಿಯ ಆಸ್ತಿ. ಅದರ ಪಕ್ಕ ಯಂಕಣ್ಣನವರು ಹಂಚಿಸಿದ್ದ ಪೆನ್ನುಗಳನ್ನು ಒಟ್ಟುಮಾಡಿ ರಬ್ಬರು ಹಾಕಿ ಇಟ್ಟಿದ್ದರು, ಭೀಮೇಶನಿಗೆ ವಾಪಸು ಕೊಡಲಿಕ್ಕಿರಬೇಕು. ನಾನು ಒಂದು ಹುಣಸೆಕಾಯಿ ತೆಗೆದುಕೊಂಡು ಬಾಗಿಲು ಮುಚ್ಚಿದೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಯಾದಗಿರಿಗೆ ವರದಿ ಹೋಗಬೇಕಿತ್ತು. ದೇವಿಂದ್ರ ಮಾಸ್ತರರು ಬರೆದು ಬರೆದು ಹರಿದು, ಕೊನೆಗೆ ಅಳತೆ ಇನ್ನೂ ಪ್ರಗತಿಯಲ್ಲಿದೆ ಎಂದು ಒಂದು ಸಾಲು ಬರೆದು ಕಳಿಸಿದರು. ಮೇಲಿನವರು ಅದಕ್ಕೆ ಸಂತೋಷ ವ್ಯಕ್ತಪಡಿಸಿದರೆಂದು ಕೇಳಿದ್ದೇನೆ.

ಅದಾದ ವಾರವೋ ಹತ್ತು ದಿನವೋ ಇರಬೇಕು, ಮಧ್ಯಾಹ್ನದ ಊಟದ ನಂತರ ನಾನೂ ಅವರೂ ವರಾಂಡದಲ್ಲಿ ನಡೆದು ಬರುತ್ತಿದ್ದೆವು. ಅವರಿಗೆ ಏಳನೇ ತರಗತಿಯಲ್ಲಿ ಪಾಠವಿತ್ತು, ನನಗೆ ಅದರ ಪಕ್ಕದ ಎಂಟರಲ್ಲಿ. ಏಳನೇ ತರಗತಿಯಿಂದ ಗದ್ದಲವೋ ಗದ್ದಲ. ಯಾರೋ ಯಾರನ್ನೋ ಅಣಕಿಸುತ್ತಿದ್ದರು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅಣಕಿಸುತ್ತಿದ್ದದ್ದು ಹದಿಮೂರರ ಮಗ್ಗಿ ಹೇಳಿಸುವ ಯಾರೋ ಒಬ್ಬರನ್ನು ಎಂದು ಹತ್ತಿರ ಬಂದ ಮೇಲೆ ತಿಳಿಯಿತು. ಅಷ್ಟರಲ್ಲಿ ಕಿಟಕಿಯ ಹತ್ತಿರದಿಂದ ಒಂದು ಹುಡುಗಿಯ ದನಿ ಒತ್ತಿ ಹೇಳಿತು.

"ಏ, ಸುಮ್ಮನಾಗ್ರಿ, ಸರ್ ಬಂದ್ರು."

ಒಮ್ಮೆಲೇ ಎಲ್ಲ ನಿಶ್ಶಬ್ದವಾಯಿತು. ಅದು ಯಶೋಧರಾಳ ದನಿ.

ದೇವಿಂದ್ರ ಮಾಸ್ತರರು ನಡೆಯುತ್ತಿದ್ದವರು ನಿಂತರು. ಒಳಗೆ ಹೋಗಿ ಬೈಯುತ್ತಾರೇನೋ ಎಂದುಕೊಂಡೆ. ಅವರು ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು ಇತ್ತು. ಆಮೇಲೆ ಚಪ್ಪಲಿಯ ಸದ್ದು ಒಳಗಿನವರಿಗೆ ಚೆನ್ನಾಗಿ ಕೇಳಿಸುವ ಹಾಗೆ ತಿರುಗಿ ಸ್ಟಾಫ್ ರೂಮಿನ ಕಡೆ ಹೊರಟರು.

ಪಾಠ ಇಲ್ಲವೇ ಎಂದು ಕೇಳಿದೆ.

"ಜರಾ ಹೊತ್ತು ಬಿಟ್ಟು ಹೋಗ್ತೀನ್ರಿ ಟೀಚರ್," ಎಂದರು. "ಅವರದು ಮಾತು ಇನ್ನಾ ಮುಗದಿಲ್ಲ."